ಜಾವಾಸ್ಕ್ರಿಪ್ಟ್ ಮೊನೊರೆಪೊ: ಕಮಾಂಡ್ ಲೈನಿನಲ್ಲಿ ಪ್ಯಾಕೇಜುಗಳ ಪಟ್ಟಿ ತೆಗೆಯುವುದು ಹೇಗೆ?

ಮೊನೊರೆಪೊ ಎಂದರೆ ಹಲವು ಪ್ಯಾಕೇಜುಗಳನ್ನು ಒಟ್ಟಿಗೆ ಇಟ್ಟುಕೊಂಡ ಒಂದೇ ರೆಪೊ. ಅಂಥದ್ದೊಂದರಲ್ಲಿ ಎಷ್ಟು ಪ್ಯಾಕೇಜುಗಳಿವೆ ಎಂದು ಮೂರು ಟೂಲ್‌ಗಳನ್ನು ಕೇಳಿ ನೋಡಿ. ಲೆರ್ನಾ 2 ಎನ್ನಬಹುದು, ಎನ್‌ಪಿಎಂ 4 ಎನ್ನಬಹುದು, ಪಿಎನ್‌ಪಿಎಂ 5 ಎನ್ನಬಹುದು. ಯಾವುದೂ ಸುಳ್ಳು ಹೇಳುತ್ತಿಲ್ಲ. ಡಿಸ್ಕಿನಲ್ಲಿರುವ ಪ್ಯಾಕೇಜ್.ಜೇಸನ್ ಫೈಲುಗಳದ್ದು ಒಂದು ಪಟ್ಟಿ. ಅವುಗಳಲ್ಲಿ ವರ್ಕ್‌ಸ್ಪೇಸ್ (ರೆಪೊದ ಸ್ವಂತ ಪ್ಯಾಕೇಜ್) ಎಂದು ಘೋಷಿಸಿರುವುವದ್ದು ಇನ್ನೊಂದು. ಟೂಲ್ ತನ್ನ ಡೀಫಾಲ್ಟ್ ನಿಯಮದಂತೆ ಕೆಲವನ್ನು ಮುಚ್ಚಿಟ್ಟು ತೋರಿಸುವುದು ಮೂರನೆಯದು. ಪಟ್ಟಿಯನ್ನು ಕಣ್ಣಲ್ಲಿ ನೋಡಿ ಬಿಡುವುದಾದರೆ ಈ ವ್ಯತ್ಯಾಸದಿಂದ ತೊಂದರೆಯಿಲ್ಲ. ಅದೇ ಪಟ್ಟಿಯನ್ನು ಬಿಲ್ಡ್ ಸ್ಕ್ರಿಪ್ಟಿಗೆ ಉಣಿಸಿದಾಗ ಒಂದು ಪ್ಯಾಕೇಜಿನ ಟೆಸ್ಟ್ ಓಡದೇ ಉಳಿಯುತ್ತದೆ, ಅದು ಯಾರ ಗಮನಕ್ಕೂ ಬರುವುದಿಲ್ಲ. ಆದ್ದರಿಂದ ಕೆಳಗಿನ ಪ್ರತಿ ಕಮಾಂಡಿನ ಜೊತೆಗೆ ಅದು ಯಾವ ಪಟ್ಟಿಯನ್ನು ಕೊಡುತ್ತದೆ ಎಂಬುದನ್ನೂ ಹೇಳಿದ್ದೇವೆ.

ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಬೇಕು. ಎಲ್‌ಎಸ್, ಎಲ್‌ಎ, ಎನ್‌ಪಿಎಂ ಎಂದು ಬಿಡಿ ಅಕ್ಷರಗಳಾಗಿ ಓದುವುವನ್ನು ಬಿಡಿ ಅಕ್ಷರಗಳಾಗಿಯೇ, ಲಿಸ್ಟ್, ಗ್ರಾಫ್, ಸಿನ್ಸ್ ಎಂಬ ಪೂರ್ತಿ ಪದಗಳನ್ನು ಪೂರ್ತಿಯಾಗಿಯೇ ಹೊಡೆಯಿರಿ. ಜೇಸನ್ ಎಂದರೆ ಜೆ, ಎಸ್, ಒ, ಎನ್ ಎಂಬ ನಾಲ್ಕು ಅಕ್ಷರ. ಅಡ್ಡಗೆರೆ, ಚುಕ್ಕೆ, ಉದ್ಧರಣ ಚಿಹ್ನೆಗಳು ಇಲ್ಲಿ ಕಂಡಂತೆಯೇ ಇರಲಿ.

ಮೊದಲ ಹೆಜ್ಜೆ: ರೆಪೊ ಯಾವ ಟೂಲ್‌ನದು?

ಕ್ಲೋನ್ ಮಾಡಿದ ರೆಪೊದ ರೂಟ್ ಫೋಲ್ಡರಿನಲ್ಲಿ ಲಾಕ್ ಫೈಲ್ (ಇನ್‌ಸ್ಟಾಲ್ ಆದ ಆವೃತ್ತಿಗಳನ್ನು ಬರೆದಿಡುವ ಫೈಲ್) ಯಾವುದಿದೆ ನೋಡಿ. ಪ್ಯಾಕೇಜ್-ಲಾಕ್.ಜೇಸನ್ ಇದ್ದರೆ ಎನ್‌ಪಿಎಂ, ಪಿಎನ್‌ಪಿಎಂ-ಲಾಕ್.ವೈಎಎಂಎಲ್ ಇದ್ದರೆ ಪಿಎನ್‌ಪಿಎಂ. ಯಾರ್ನ್.ಲಾಕ್ ಇದ್ದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಯಾರ್ನ್ 1 ಮತ್ತು ಯಾರ್ನ್ 2ರಿಂದ ಮುಂದಿನದು ಹೆಸರಿಗಷ್ಟೇ ಒಂದು. ಪಟ್ಟಿ ತೆಗೆಯುವ ಕಮಾಂಡುಗಳೇ ಬೇರೆ. ಲಾಕ್ ಫೈಲನ್ನು ತೆರೆದಾಗ ಮೇಲ್ಭಾಗದಲ್ಲಿ ‘ಯಾರ್ನ್ ಲಾಕ್‌ಫೈಲ್ ವಿ1’ ಎಂಬ ಕಾಮೆಂಟ್ ಕಂಡರೆ ಹಳೆಯ ಯಾರ್ನ್. ‘__ಮೆಟಾಡೇಟಾ:’ ಎಂಬ ಸಾಲು ಕಂಡರೆ ಹೊಸದು. ರೂಟ್ ಪ್ಯಾಕೇಜ್.ಜೇಸನ್‌ನಲ್ಲಿ ‘ಪ್ಯಾಕೇಜ್‌ಮ್ಯಾನೇಜರ್’ ಎಂಬ ಫೀಲ್ಡ್ ಇದ್ದರೆ ಆವೃತ್ತಿ ಸಹಿತ ಉತ್ತರ ಅಲ್ಲೇ ಸಿಗುತ್ತದೆ.

ಲೆರ್ನಾ.ಜೇಸನ್, ಎನ್‌ಎಕ್ಸ್.ಜೇಸನ್, ಟರ್ಬೊ.ಜೇಸನ್ ಇವು ಪ್ಯಾಕೇಜ್ ಮ್ಯಾನೇಜರಿನ ಮೇಲೆ ಕೂರುವ ಪದರ. ಒಂದು ರೆಪೊದಲ್ಲಿ ಪಿಎನ್‌ಪಿಎಂ ಮತ್ತು ಎನ್‌ಎಕ್ಸ್ ಎರಡೂ ಇರುವುದು ಮಾಮೂಲಿ. ಎರಡು ಲಾಕ್ ಫೈಲ್ ಕಂಡರೆ ಮಾತ್ರ ಮುಂದೆ ಹೋಗುವ ಮೊದಲು ತಂಡದವರನ್ನು ಕೇಳಿ, ಒಂದು ಹಳೆಯ ಪಳೆಯುಳಿಕೆಯಾಗಿರುತ್ತದೆ.

ಮುಂದಿನ ಎಲ್ಲ ಕಮಾಂಡುಗಳನ್ನೂ ರೂಟ್‌ನಿಂದಲೇ ಓಡಿಸಿ. ಒಳಗಿನ ಫೋಲ್ಡರಿನಿಂದ ಓಡಿಸಿದರೆ ಕೆಲವು ಟೂಲ್‌ಗಳು ಆ ಒಂದು ಪ್ಯಾಕೇಜಿಗೆ ಮಾತ್ರ ಉತ್ತರ ಕೊಡುತ್ತವೆ. ಸ್ಕ್ರಿಪ್ಟಿನಲ್ಲಾದರೆ ಮೊದಲ ಸಾಲಾಗಿ ಇದನ್ನು ಹಾಕಿ:

`ಸಿಡಿ "$(ಗಿಟ್ ರೆವ್-ಪಾರ್ಸ್ --ಶೋ-ಟಾಪ್‌ಲೆವೆಲ್)"`

ಉದಾಹರಣೆಗೆ ಒಂದು ಚಿಕ್ಕ ರೆಪೊ ಇಟ್ಟುಕೊಳ್ಳೋಣ. ರೂಟ್‌ನ ಹೆಸರು ಅಂಗಡಿ. ಒಳಗೆ ನಾಲ್ಕು ಪ್ಯಾಕೇಜು:

`ಆ್ಯಪ್ಸ್/ವೆಬ್` – ಹೆಸರು @ಅಂಗಡಿ/ವೆಬ್, 0.3.0, ಪ್ರೈವೇಟ್
`ಪ್ಯಾಕೇಜಸ್/ಕಾನ್ಫಿಗ್` – ಹೆಸರು @ಅಂಗಡಿ/ಕಾನ್ಫಿಗ್, ಆವೃತ್ತಿ ಬರೆದಿಲ್ಲ, ಪ್ರೈವೇಟ್
`ಪ್ಯಾಕೇಜಸ್/ಯುಐ` – ಹೆಸರು @ಅಂಗಡಿ/ಯುಐ, 2.1.0
`ಪ್ಯಾಕೇಜಸ್/ಯುಟಿಲ್ಸ್` – ಹೆಸರು @ಅಂಗಡಿ/ಯುಟಿಲ್ಸ್, 2.1.0

ವೆಬ್‌ಗೆ ಯುಐ ಬೇಕು, ಯುಐಗೆ ಯುಟಿಲ್ಸ್ ಬೇಕು.

ಲೆರ್ನಾ

ಬೇಬೆಲ್ ಪ್ರಾಜೆಕ್ಟಿನ ಹಲವು ಪ್ಯಾಕೇಜುಗಳನ್ನು ಒಂದೇ ರೆಪೊದಲ್ಲಿ ನಿಭಾಯಿಸಲು 2015ರಲ್ಲಿ ಹುಟ್ಟಿದ ಟೂಲ್ ಇದು. 2022ರಿಂದ ಎನ್‌ಎಕ್ಸ್ ತಯಾರಿಸುವ ಕಂಪನಿಯೇ ನೋಡಿಕೊಳ್ಳುತ್ತಿದೆ. ಪಟ್ಟಿ ತೆಗೆಯುವ ವಿಷಯದಲ್ಲಿ ಇಂದಿಗೂ ಇದರ ಕಮಾಂಡೇ ಹೆಚ್ಚು ಪಕ್ವವಾದದ್ದು.

`ಎನ್‌ಪಿಎಕ್ಸ್ ಲೆರ್ನಾ ಎಲ್‌ಎಸ್`

ನಮ್ಮ ಉದಾಹರಣೆಯಲ್ಲಿ ಇದು ಎರಡೇ ಹೆಸರು ಕೊಡುತ್ತದೆ: @ಅಂಗಡಿ/ಯುಐ, @ಅಂಗಡಿ/ಯುಟಿಲ್ಸ್. ಪ್ಯಾಕೇಜ್.ಜೇಸನ್‌ನಲ್ಲಿ ‘ಪ್ರೈವೇಟ್: ಟ್ರೂ’ ಎಂದಿರುವುವನ್ನು ಲೆರ್ನಾ ಪಟ್ಟಿಯಿಂದ ಬಿಟ್ಟುಬಿಡುತ್ತದೆ. ಅದರ ಮೂಲ ಕಸುಬು ಪ್ಯಾಕೇಜುಗಳ ಉಗ್ರಾಣವಾದ ರಿಜಿಸ್ಟ್ರಿಗೆ ಪಬ್ಲಿಷ್ ಮಾಡುವುದು, ಪ್ರೈವೇಟ್ ಪ್ಯಾಕೇಜ್ ಅಲ್ಲಿಗೆ ಹೋಗುವುದೇ ಇಲ್ಲ. ಎಲ್ಲವೂ ಬೇಕಾದರೆ -ಎ ಸೇರಿಸಿ. ಆವೃತ್ತಿ, ಫೋಲ್ಡರ್ ಸಹ ಬೇಕಾದರೆ -ಎಲ್. ಎರಡನ್ನೂ ಕೂಡಿಸಿದ ಅಡ್ಡದಾರಿ ಇದು:

`ಎನ್‌ಪಿಎಕ್ಸ್ ಲೆರ್ನಾ ಎಲ್‌ಎ`

ಈಗ ಬರುವುದು:

`@ಅಂಗಡಿ/ವೆಬ್  ವಿ0.3.0  ಆ್ಯಪ್ಸ್/ವೆಬ್  (ಪ್ರೈವೇಟ್)`
`@ಅಂಗಡಿ/ಕಾನ್ಫಿಗ್  ಮಿಸ್ಸಿಂಗ್  ಪ್ಯಾಕೇಜಸ್/ಕಾನ್ಫಿಗ್  (ಪ್ರೈವೇಟ್)`
`@ಅಂಗಡಿ/ಯುಐ  ವಿ2.1.0  ಪ್ಯಾಕೇಜಸ್/ಯುಐ`
`@ಅಂಗಡಿ/ಯುಟಿಲ್ಸ್  ವಿ2.1.0  ಪ್ಯಾಕೇಜಸ್/ಯುಟಿಲ್ಸ್`

‘ಮಿಸ್ಸಿಂಗ್’ ಎಂದರೆ ಪ್ಯಾಕೇಜ್ ಕಾಣೆಯಾಗಿದೆ ಎಂದಲ್ಲ, ಅದರಲ್ಲಿ ಆವೃತ್ತಿ ಸಂಖ್ಯೆ ಬರೆದಿಲ್ಲ ಎಂದಷ್ಟೇ. ಸಾಲುಗಳ ಕ್ರಮ ಫೋಲ್ಡರ್ ಹೆಸರಿನ ಅಕ್ಷರಾನುಕ್ರಮ, ಪ್ಯಾಕೇಜ್ ಹೆಸರಿನದ್ದಲ್ಲ. ಬಿಲ್ಡ್ ಮಾಡಲು ಈ ಕ್ರಮ ಉಪಯೋಗಕ್ಕೆ ಬಾರದು. `--ಟೊಪೊಸಾರ್ಟ್` ಸೇರಿಸಿದರೆ ಅವಲಂಬನೆಯ ಕ್ರಮ ಸಿಗುತ್ತದೆ: ಯುಟಿಲ್ಸ್ ಆದ ಮೇಲೆ ಯುಐ, ಯುಐ ಆದ ಮೇಲೆ ವೆಬ್. ಎರಡು ಪ್ಯಾಕೇಜುಗಳು ಒಂದನ್ನೊಂದು ಅವಲಂಬಿಸಿದ್ದರೆ ಲೆರ್ನಾ ‘ಇಸೈಕಲ್’ ಎಂದು ಎಚ್ಚರಿಸುತ್ತದೆ. ಅದನ್ನು ಕಡೆಗಣಿಸಬೇಡಿ. ಸುತ್ತಿನೊಳಗೆ ಯಾವುದು ಮೊದಲು ಎಂಬ ಪ್ರಶ್ನೆಗೆ ಸರಿಯುತ್ತರವೇ ಇಲ್ಲದ್ದರಿಂದ ಅಲ್ಲಿಂದ ಮುಂದೆ ಕ್ರಮವನ್ನು ನಂಬುವಂತಿಲ್ಲ.

ಯಾವ ಪ್ಯಾಕೇಜ್ ಯಾವುದನ್ನು ಅವಲಂಬಿಸಿದೆ ಎಂಬ ಇಡೀ ನಕ್ಷೆ ಬೇಕಾದರೆ `--ಗ್ರಾಫ್`. ಚಿತ್ರ ಬರುವುದಿಲ್ಲ, ಪ್ರತಿ ಹೆಸರಿನ ಮುಂದೆ ಅದರ ಅವಲಂಬನೆಗಳಿರುವ ಜೇಸನ್ ಬರುತ್ತದೆ.

ಸ್ಕ್ರಿಪ್ಟಿಗೆ ಕೊಡುವಾಗ `--ಜೇಸನ್` ಬಳಸಿ. ಒಂದು ತುಣುಕು ಹೀಗಿರುತ್ತದೆ:

`{"ನೇಮ್": "@ಅಂಗಡಿ/ಯುಐ", "ವರ್ಷನ್": "2.1.0", "ಪ್ರೈವೇಟ್": ಫಾಲ್ಸ್, "ಲೊಕೇಷನ್": "/ಹೋಮ್/ಡೆವ್/ಅಂಗಡಿ/ಪ್ಯಾಕೇಜಸ್/ಯುಐ"}`

ಲೊಕೇಷನ್ ಇಲ್ಲಿ ಪೂರ್ಣ ಪಾತ್ ಎಂಬುದನ್ನು ನೆನಪಿಡಿ, ಕೊನೆಯಲ್ಲಿ ಇದು ಕೆಲಸಕ್ಕೆ ಬರುತ್ತದೆ. ಜೇಸನ್ ಕೇಳಿದ ಮಾತ್ರಕ್ಕೆ ಪ್ರೈವೇಟ್ ಪ್ಯಾಕೇಜುಗಳು ತಾವಾಗಿ ಸೇರಿಕೊಳ್ಳುವುದಿಲ್ಲ, ಅದಕ್ಕೂ -ಎ ಬೇಕು (ಜೆಕ್ಯೂ ಎಂಬುದು ಜೇಸನ್‌ನಿಂದ ಬೇಕಾದ ಭಾಗ ಹೆಕ್ಕುವ ಟೂಲ್):

`ಎನ್‌ಪಿಎಕ್ಸ್ ಲೆರ್ನಾ ಎಲ್‌ಎಸ್ -ಎ --ಜೇಸನ್ | ಜೆಕ್ಯೂ -ಆರ್ '.[].ನೇಮ್'`

`-ಪಿ` ಎಂಬ ಇನ್ನೊಂದು ಫ್ಲ್ಯಾಗ್ ಇದೆ. ಅದು ಪ್ರತಿ ಸಾಲಿಗೆ ಒಂದು ಪಾತ್ ಕೊಡುತ್ತದೆ. -ಎಲ್ ಜೊತೆ ಸೇರಿದರೆ ಪಾತ್, ಹೆಸರು, ಆವೃತ್ತಿ ಇವುಗಳ ನಡುವೆ ಕೋಲನ್ ಬರುತ್ತದೆ. ಲಿನಕ್ಸ್, ಮ್ಯಾಕ್‌ಗಳಲ್ಲಿ ಕೋಲನ್ ಮೇಲೆ ಕತ್ತರಿಸಿ ಎರಡನೆಯ ತುಂಡು ತೆಗೆದರೆ ಹೆಸರು ಸಿಗುತ್ತದೆ. ವಿಂಡೋಸ್‌ನಲ್ಲಿ ಪಾತ್ ಶುರುವಾಗುವುದೇ ಡ್ರೈವ್ ಅಕ್ಷರ ಮತ್ತು ಕೋಲನ್‌ನಿಂದ. ಹಾಗಾಗಿ ತುಂಡುಗಳೆಲ್ಲ ಒಂದು ಸ್ಥಾನ ಮುಂದೆ ಸರಿದು, ಹೆಸರಿನ ಜಾಗದಲ್ಲಿ ಪಾತ್‌ನ ಬಾಲ ಬಂದು ಕೂರುತ್ತದೆ. ತಂಡದಲ್ಲಿ ಒಬ್ಬರು ವಿಂಡೋಸ್ ಬಳಸುವವರಿದ್ದರೂ ಈ ದಾರಿ ಬೇಡ.

ಲೆರ್ನಾ ತನ್ನ ಆವೃತ್ತಿ ಮತ್ತು ‘ಇಷ್ಟು ಪ್ಯಾಕೇಜ್ ಸಿಕ್ಕಿತು’ ಎಂಬ ಮಾತುಗಳನ್ನು ಸ್ಟ್ಯಾಂಡರ್ಡ್ ಎರರ್‌ಗೆ ಬರೆಯುತ್ತದೆ, ಪಟ್ಟಿಯನ್ನು ಮಾತ್ರ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ. ಹಾಗಾಗಿ `ಎನ್‌ಪಿಎಕ್ಸ್ ಲೆರ್ನಾ ಎಲ್‌ಎಸ್ -ಎ | ಡಬ್ಲ್ಯೂಸಿ -ಎಲ್` ಸರಿಯಾದ ಎಣಿಕೆಯನ್ನೇ ಕೊಡುತ್ತದೆ. ಎರಡು ಹರಿವುಗಳನ್ನು `2>&1` ಎಂದು ಕೂಡಿಸಿದರೆ ಎಣಿಕೆ ಕೆಡುತ್ತದೆ. ಲಾಗ್ ಫೈಲಿಗಾಗಿ ಹಾಗೆ ಮಾಡುವ ಸಿಐ (ಪ್ರತಿ ಬದಲಾವಣೆಗೂ ಬಿಲ್ಡ್, ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಸ್ಕ್ರಿಪ್ಟುಗಳು ಬಹಳ.

ಹೆಸರಿನ ಮೇಲೆ ಸೋಸಲು `--ಸ್ಕೋಪ್`, ಬಿಡಲು `--ಇಗ್ನೋರ್`. ಎರಡೂ ನೋಡುವುದು ಪ್ಯಾಕೇಜ್.ಜೇಸನ್‌ನ ಹೆಸರನ್ನು, ಫೋಲ್ಡರಿನ ಹೆಸರನ್ನಲ್ಲ. ಬೇಬೆಲ್ ರೆಪೊವನ್ನೇ ತೆಗೆದುಕೊಳ್ಳಿ: ಫೋಲ್ಡರ್ `ಪ್ಯಾಕೇಜಸ್/ಬೇಬೆಲ್-ಕೋರ್`, ಪ್ಯಾಕೇಜಿನ ಹೆಸರು `@ಬೇಬೆಲ್/ಕೋರ್`. ಇಂಥ ರೆಪೊದಲ್ಲಿ ಫೋಲ್ಡರಿನ ಹೆಸರು ಕೊಟ್ಟರೆ ಏನೂ ಸಿಗುವುದಿಲ್ಲ. ನಕ್ಷತ್ರ ಚಿಹ್ನೆ ಓರೆಗೆರೆಯನ್ನು ದಾಟುವುದಿಲ್ಲವಾದ್ದರಿಂದ `'*ಕೋರ್'` ಎಂದರೂ ಸಿಗದು. `'@ಬೇಬೆಲ್/*'` ಎಂದೇ ಬರೆಯಬೇಕು. ಮಾದರಿಗೆ ಒಂಟಿ ಉದ್ಧರಣ ಚಿಹ್ನೆ ಕಡ್ಡಾಯ. ಇಲ್ಲವಾದರೆ ನಕ್ಷತ್ರವನ್ನು ಲೆರ್ನಾಗೆ ತಲುಪುವ ಮೊದಲೇ ಶೆಲ್ ತಾನೇ ಬಿಡಿಸಲು ಹೊರಡುತ್ತದೆ.

ಪ್ಯಾಕೇಜುಗಳ ಕಮಾಂಡ್ ಓಡಿಸಿಕೊಡುವ ಎನ್‌ಪಿಎಕ್ಸ್ ಬಗ್ಗೆ ಒಂದು ಮಾತು. ರೆಪೊದಲ್ಲಿ ಲೆರ್ನಾ ಇನ್‌ಸ್ಟಾಲ್ ಆಗಿರದಿದ್ದರೆ ಅದು ರಿಜಿಸ್ಟ್ರಿಯಿಂದ ಇತ್ತೀಚಿನ ಆವೃತ್ತಿಯನ್ನು ಇಳಿಸಿಕೊಳ್ಳುತ್ತದೆ. ಹಳೆಯ ಸಂರಚನೆ, ಹೊಸ ಲೆರ್ನಾ – ಪಟ್ಟಿ ಬೇರೆಯೇ ಬರಬಹುದು. ಸಿಐನಲ್ಲಿ `ಎನ್‌ಪಿಎಕ್ಸ್ --ನೋ ಲೆರ್ನಾ ಎಲ್‌ಎಸ್` ಎಂದು ಬರೆದರೆ ಇನ್‌ಸ್ಟಾಲ್ ಆಗಿರದಾಗ ಅಲ್ಲೇ ನಿಲ್ಲುತ್ತದೆ.

ಎನ್‌ಪಿಎಂ

ಎನ್‌ಪಿಎಂನಲ್ಲಿ ವರ್ಕ್‌ಸ್ಪೇಸ್ ಬಂದದ್ದು 7ನೇ ಆವೃತ್ತಿಯಲ್ಲಿ, 2020ರಲ್ಲಿ. ಹೆಚ್ಚಿನವರು ಮೊದಲು ಹೊಡೆಯುವುದು `ಎನ್‌ಪಿಎಂ ಎಲ್‌ಎಸ್`. ಅದು ಪ್ಯಾಕೇಜುಗಳ ಪಟ್ಟಿಯಲ್ಲ, ಅವಲಂಬನೆಗಳ ಮರ. ನಿಮ್ಮ ನಾಲ್ಕು ಪ್ಯಾಕೇಜುಗಳು ಹೊರಗಿನಿಂದ ತಂದ ಪ್ಯಾಕೇಜುಗಳ ನಡುವೆ ಬಾಣದ ಗುರುತಿನೊಂದಿಗೆ ಬೆರೆತಿರುತ್ತವೆ. ಮೇಲಾಗಿ ಎಲ್ಲೋ ಒಂದು ಅವಲಂಬನೆ ಬಿಟ್ಟುಹೋಗಿದ್ದರೆ ಅಥವಾ ಆವೃತ್ತಿ ಹೊಂದದಿದ್ದರೆ ಈ ಕಮಾಂಡ್ 1 ಎಂಬ ಎಕ್ಸಿಟ್ ಕೋಡ್‌ನೊಂದಿಗೆ (0 ಅಲ್ಲದ್ದು ಸೋಲಿನ ಸೂಚನೆ) ಮುಗಿಯುತ್ತದೆ. ಪಟ್ಟಿ ಸರಿಯಾಗಿಯೇ ಬಂದಿದ್ದರೂ ಸ್ಕ್ರಿಪ್ಟ್ ನಿಂತುಬಿಡುತ್ತದೆ.

ಇದಕ್ಕಿಂತ ಒಳ್ಳೆಯ ದಾರಿಗಳು ಎರಡಿವೆ. ಎನ್‌ಪಿಎಂ 8.16ರಿಂದ ಇರುವ ಕ್ವೆರಿ ಒಂದು:

`ಎನ್‌ಪಿಎಂ ಕ್ವೆರಿ '.ವರ್ಕ್‌ಸ್ಪೇಸ್' | ಜೆಕ್ಯೂ -ಆರ್ '.[] | [.ನೇಮ್, .ಲೊಕೇಷನ್] | @ಟಿಎಸ್‌ವಿ'`

ಸಿಎಸ್‌ಎಸ್ ಸೆಲೆಕ್ಟರ್ ಬರೆದು ಗೊತ್ತಿದ್ದವರಿಗೆ ಇದು ಕೂಡಲೇ ಒಗ್ಗುತ್ತದೆ. ಲೊಕೇಷನ್ ಇಲ್ಲಿ ರೂಟ್‌ನಿಂದ ಅಳೆದ ಚಿಕ್ಕ ಪಾತ್. ಪ್ರೈವೇಟ್ ಪ್ಯಾಕೇಜುಗಳೂ ಬರುತ್ತವೆ, ರೂಟ್ ಬರುವುದಿಲ್ಲ. ಕ್ವೆರಿ ನೋಡುವುದು ಇನ್‌ಸ್ಟಾಲ್ ಆಗಿರುವ ಮರವನ್ನು; ಹೊಸ ಪ್ಯಾಕೇಜ್ ಸೇರಿಸಿದ್ದರೆ `ಎನ್‌ಪಿಎಂ ಇನ್‌ಸ್ಟಾಲ್` ಮಾಡಿದ ನಂತರವೇ ಕೇಳಿ.

ಎರಡನೆಯದು ಇನ್‌ಸ್ಟಾಲ್‌ಗೆ ಕಾಯದೆ ನೇರವಾಗಿ ಪ್ಯಾಕೇಜ್.ಜೇಸನ್‌ಗಳನ್ನೇ ಓದುತ್ತದೆ:

`ಎನ್‌ಪಿಎಂ ಪಿಕೆಜಿ ಗೆಟ್ ನೇಮ್ ವರ್ಷನ್ --ವರ್ಕ್‌ಸ್ಪೇಸಸ್`

ಪ್ರತಿ ಪ್ಯಾಕೇಜಿನ ಹೆಸರಿನಡಿ ಕೇಳಿದ ಫೀಲ್ಡುಗಳಿರುವ ಒಂದೇ ಜೇಸನ್ ಬರುತ್ತದೆ. ಯಾವ ಪ್ಯಾಕೇಜಿಗೆ ಯಾವ ಲೈಸೆನ್ಸ್, ಯಾವುದರಲ್ಲಿ ಎಂಜಿನ್ಸ್ ಬರೆದಿಲ್ಲ ಎಂದು ಒಮ್ಮೆಗೇ ಪರಿಶೀಲಿಸಲು ಇದರಷ್ಟು ಸುಲಭದ್ದು ಬೇರೊಂದಿಲ್ಲ. ‘ನೇಮ್ ವರ್ಷನ್’ ಬದಲು ‘ಲೈಸೆನ್ಸ್ ಎಂಜಿನ್ಸ್’ ಎಂದು ಕೇಳಿದರಾಯಿತು. ರೂಟ್ ಕೂಡ ಬೇಕಾದರೆ `--ಇನ್‌ಕ್ಲೂಡ್-ವರ್ಕ್‌ಸ್ಪೇಸ್-ರೂಟ್` ಸೇರಿಸಿ.

ಯಾರ್ನ್, ಹಳೆಯದು ಮತ್ತು ಹೊಸದು

ಯಾರ್ನ್ 1ರಲ್ಲಿ:

`ಯಾರ್ನ್ --ಸೈಲೆಂಟ್ ವರ್ಕ್‌ಸ್ಪೇಸಸ್ ಇನ್ಫೊ | ಜೆಕ್ಯೂ -ಆರ್ 'ಕೀಸ್[]'`

ಸೈಲೆಂಟ್ ಬಿಟ್ಟರೆ ಜೇಸನ್‌ನ ಮೇಲೆ ಯಾರ್ನ್ ಆವೃತ್ತಿಯ ಸಾಲು, ಕೆಳಗೆ ‘ಇಷ್ಟು ಸೆಕೆಂಡಿನಲ್ಲಿ ಮುಗಿಯಿತು’ ಎಂಬ ಸಾಲು ಅಂಟಿಕೊಂಡು ಜೆಕ್ಯೂ ಪಾರ್ಸ್ ಎರರ್ ಕೊಡುತ್ತದೆ. ಇದನ್ನು ತಪ್ಪಿಸಲು `--ಜೇಸನ್` ಹಾಕುವವರಿದ್ದಾರೆ. ಆಗ ಬರುವುದು ಒಂದು ಹೊದಿಕೆ: ಅದರ ‘ಡೇಟಾ’ ಫೀಲ್ಡಿನಲ್ಲಿ ಅಸಲಿ ಜೇಸನ್ ಒಂದು ಸ್ಟ್ರಿಂಗ್ ಆಗಿ ಅಡಗಿರುತ್ತದೆ, ಅದನ್ನು ಇನ್ನೊಮ್ಮೆ ಬಿಡಿಸಬೇಕು. ಸೈಲೆಂಟೇ ಸಾಕು.

ಈ ಔಟ್‌ಪುಟ್‌ನಲ್ಲಿ ‘ಮಿಸ್‌ಮ್ಯಾಚ್ಡ್ ವರ್ಕ್‌ಸ್ಪೇಸ್ ಡಿಪೆಂಡೆನ್ಸೀಸ್’ ಎಂಬ ಕಡೆ ಒಮ್ಮೆ ಕಣ್ಣು ಹಾಯಿಸಿ. ಅದು ಖಾಲಿ ಇರದಿದ್ದರೆ, ಒಂದು ಪ್ಯಾಕೇಜ್ ಕೇಳಿದ ಆವೃತ್ತಿಗೂ ಪಕ್ಕದ ಫೋಲ್ಡರಿನಲ್ಲಿರುವ ಆವೃತ್ತಿಗೂ ಹೊಂದಿಲ್ಲ ಎಂದರ್ಥ. ಯಾರ್ನ್ ಆಗ ಸ್ಥಳೀಯ ಕೋಡಿಗೆ ಲಿಂಕ್ ಮಾಡದೆ ರಿಜಿಸ್ಟ್ರಿಯಿಂದ ಹಳೆಯದನ್ನು ತಂದಿರುತ್ತದೆ. ‘ಯುಐನಲ್ಲಿ ಮಾಡಿದ ಬದಲಾವಣೆ ವೆಬ್‌ನಲ್ಲಿ ಕಾಣುತ್ತಿಲ್ಲ’ ಎಂಬ ದೂರಿಗೆ ಮೊದಲು ನೋಡಬೇಕಾದ ಜಾಗ ಇದೇ.

ಹೊಸ ಯಾರ್ನ್‌ನಲ್ಲಿ:

`ಯಾರ್ನ್ ವರ್ಕ್‌ಸ್ಪೇಸಸ್ ಲಿಸ್ಟ್ --ಜೇಸನ್`

ಇಲ್ಲಿ ಬರುವುದು ಒಂದು ದೊಡ್ಡ ಅರೇ ಅಲ್ಲ. ಸಾಲಿಗೊಂದು ಬಿಡಿ ಆಬ್ಜೆಕ್ಟ್. ಬೇರೆ ಟೂಲ್‌ಗಳಿಗೆ ಬರೆದ `'.[].ನೇಮ್'` ಇಲ್ಲಿ ಎರರ್ ಕೊಡುತ್ತದೆ, `'.[]'` ಎಂದಷ್ಟೇ ಬರೆದರೆ ಲೊಕೇಷನ್, ಹೆಸರು, ಲೊಕೇಷನ್, ಹೆಸರು ಎಂದು ಕಲಸುಮೇಲೋಗರವಾಗುತ್ತದೆ. ರೂಟ್ ಕೂಡ ಪಟ್ಟಿಯಲ್ಲಿರುತ್ತದೆ, ಅದರ ಲೊಕೇಷನ್ ಒಂದು ಚುಕ್ಕೆ. ಹಾಗಾಗಿ:

`ಯಾರ್ನ್ ವರ್ಕ್‌ಸ್ಪೇಸಸ್ ಲಿಸ್ಟ್ --ಜೇಸನ್ | ಜೆಕ್ಯೂ -ಆರ್ 'ಸೆಲೆಕ್ಟ್(.ಲೊಕೇಷನ್ != ".") | .ನೇಮ್'`

ಪಬ್ಲಿಷ್ ಆಗುವುವು ಮಾತ್ರ ಸಾಕು ಎಂದರೆ `--ನೋ-ಪ್ರೈವೇಟ್`, ಅವಲಂಬನೆಗಳೂ ಬೇಕೆಂದರೆ `-ವಿ`.

ಪಿಎನ್‌ಪಿಎಂ

`ಪಿಎನ್‌ಪಿಎಂ ಎಲ್‌ಎಸ್ -ಆರ್ --ಡೆಪ್ತ್ -1 --ಜೇಸನ್ | ಜೆಕ್ಯೂ -ಆರ್ '.[] | ಸೆಲೆಕ್ಟ್(.ನೇಮ್) | .ನೇಮ್'`

ಗುಟ್ಟಿರುವುದು ಮೈನಸ್ ಒಂದರಲ್ಲಿ. ಡೆಪ್ತ್ 0 ಎಂದರೆ ಪ್ರತಿ ಪ್ಯಾಕೇಜಿನ ನೇರ ಅವಲಂಬನೆಗಳೂ ಸುರಿಯುತ್ತವೆ. -1 ಎಂದರೆ ಪ್ಯಾಕೇಜುಗಳು ಮಾತ್ರ. ವರ್ಕ್‌ಸ್ಪೇಸ್ ಫೈಲಿನಲ್ಲಿ ಬರೆದಿರಲಿ ಬಿಡಲಿ, ಪಿಎನ್‌ಪಿಎಂ ರೂಟ್ ಅನ್ನೂ ಒಂದು ಪ್ಯಾಕೇಜ್ ಎಂದೇ ಎಣಿಸುತ್ತದೆ. ಮೊದಲಲ್ಲಿ ಹೇಳಿದ 5 ಬಂದದ್ದು ಇಲ್ಲಿಂದ. ರೂಟ್‌ಗೆ ಹೆಸರೇ ಇಟ್ಟಿಲ್ಲದಿದ್ದರೆ ಪಟ್ಟಿಯಲ್ಲಿ ‘ನಲ್’ ಎಂಬ ಸಾಲು ಬರುತ್ತದೆ. ನಡುವಿನ ಸೆಲೆಕ್ಟ್ ಅದನ್ನು ತಡೆಯುತ್ತದೆ. ಆದರೆ `ಪಿಎನ್‌ಪಿಎಂ -ಆರ್ ರನ್` ಡೀಫಾಲ್ಟ್ ಆಗಿ ರೂಟ್ ಅನ್ನು ಬಿಡುತ್ತದೆ. ಪಟ್ಟಿಯಲ್ಲಿ 5, ಓಡಿದ್ದು 4 ಎಂದು ಗಾಬರಿಯಾಗಬೇಕಿಲ್ಲ.

ಸೋಸುವಿಕೆಯಲ್ಲಿ ಪಿಎನ್‌ಪಿಎಂ ಉಳಿದವರಿಗಿಂತ ಒಂದು ಕೈ ಮೇಲು. `--ಫಿಲ್ಟರ್ '@ಅಂಗಡಿ/ಯುಐ...'` ಎಂದರೆ ಯುಐ ಮತ್ತು ಅದಕ್ಕೆ ಬೇಕಾದವು. ಮೂರು ಚುಕ್ಕೆ ಮುಂದೆ ಬಂದರೆ, `'...@ಅಂಗಡಿ/ಯುಐ'`, ಯುಐ ಮತ್ತು ಅದನ್ನು ಬಳಸುವವು. ಬಾಲದ ಚುಕ್ಕೆಗಳ ಮೊದಲು `^` ಇಟ್ಟರೆ ಯುಐ ಬಿಟ್ಟು ಉಳಿದದ್ದು. ಫೋಲ್ಡರಿನ ಮೇಲೆ ಸೋಸಲು ಪಾತ್ ಅನ್ನು ಪುಷ್ಪಾವರಣದಲ್ಲಿಡಿ. ಸ್ಕೋಪ್ (ಹೆಸರಿನ ಮುಂದಿನ ‘@ಅಂಗಡಿ/’ ಭಾಗ) ಬರೆಯದೆ `--ಫಿಲ್ಟರ್ ಯುಐ` ಎಂದರೂ ನಡೆಯುತ್ತದೆ, ಆ ಬಾಲದ ಹೆಸರು ರೆಪೊದಲ್ಲಿ ಒಂದೇ ಇರುವ ತನಕ. ನಾಳೆ ಬೇರೊಂದು ಸ್ಕೋಪಿನಲ್ಲಿ ಇನ್ನೊಂದು ಯುಐ ಬಂದ ದಿನ ಅದೇ ಫಿಲ್ಟರ್ ಏನನ್ನೂ ಆರಿಸುವುದಿಲ್ಲ. ಸ್ಕ್ರಿಪ್ಟಿನಲ್ಲಿ ಪೂರ್ತಿ ಹೆಸರೇ ಇರಲಿ.

ಎನ್‌ಎಕ್ಸ್, ಟರ್ಬೊ, ರಶ್

ಎನ್‌ಎಕ್ಸ್‌ನಲ್ಲಿ `ಎನ್‌ಪಿಎಕ್ಸ್ ಎನ್‌ಎಕ್ಸ್ ಶೋ ಪ್ರಾಜೆಕ್ಟ್ಸ್`. ಇದು ಕೊಡುವುದು ಪ್ರಾಜೆಕ್ಟಿನ ಹೆಸರು, ಪ್ರಾಜೆಕ್ಟ್.ಜೇಸನ್‌ನಲ್ಲಿ ಬೇರೆ ಹೆಸರಿಟ್ಟಿದ್ದರೆ ಎನ್‌ಪಿಎಂ ಹೆಸರಿಗೆ ತಾಳೆಯಾಗದು. ಈಗಷ್ಟೇ ಸೇರಿಸಿದ ಪ್ಯಾಕೇಜ್ ಕಾಣದಿದ್ದರೆ ಹಿನ್ನೆಲೆಯಲ್ಲಿ ಓಡುವ ಡೀಮನ್ ಹಳೆಯ ನಕ್ಷೆ ಹಿಡಿದು ಕುಳಿತಿರಬಹುದು. `ಎನ್‌ಪಿಎಕ್ಸ್ ಎನ್‌ಎಕ್ಸ್ ರೀಸೆಟ್` ಮಾಡಿ ಮತ್ತೆ ಕೇಳಿ. ಟರ್ಬೊರೆಪೊದಲ್ಲಿ `ಟರ್ಬೊ ಎಲ್‌ಎಸ್`; ಆ ಕಮಾಂಡ್ ಇಲ್ಲದ ಹಳೆಯ ಆವೃತ್ತಿಯಲ್ಲಿ `ಟರ್ಬೊ ರನ್ ಬಿಲ್ಡ್ --ಡ್ರೈ=ಜೇಸನ್` ಓಡಿಸಿ ಅದರ ‘ಪ್ಯಾಕೇಜಸ್’ ಫೀಲ್ಡ್ ನೋಡಬಹುದು. ರಶ್‌ನಲ್ಲಿ `ರಶ್ ಲಿಸ್ಟ್ --ಜೇಸನ್`. ರಶ್ ಗ್ಲಾಬ್ ಮಾದರಿಗಳನ್ನು (ನಕ್ಷತ್ರ ಚಿಹ್ನೆಯಿರುವ ಪಾತ್‌ಗಳನ್ನು) ಬಳಸುವುದಿಲ್ಲ, ಪ್ರತಿ ಪ್ರಾಜೆಕ್ಟನ್ನೂ ರಶ್.ಜೇಸನ್‌ನಲ್ಲಿ ಕೈಯಾರೆ ಬರೆಯಬೇಕು. ಬೇಸರದ ಕೆಲಸವೇ, ಆದರೆ ಪಟ್ಟಿಯ ಬಗ್ಗೆ ಜಗಳವೇ ಇರುವುದಿಲ್ಲ.

ಬದಲಾದವು ಮಾತ್ರ ಬೇಕಾದಾಗ

ಸಿಐನಲ್ಲಿ ಇಡೀ ಪಟ್ಟಿಗಿಂತ ಹೆಚ್ಚು ಬೇಕಾಗುವುದು ಇದೇ, ತಪ್ಪುಗಳೂ ಇಲ್ಲಿಯೇ ಹೆಚ್ಚು.

`ಎನ್‌ಪಿಎಕ್ಸ್ ಲೆರ್ನಾ ಎಲ್‌ಎಸ್ -ಎ --ಸಿನ್ಸ್ ಒರಿಜಿನ್/ಮೇನ್`
`ಪಿಎನ್‌ಪಿಎಂ ಎಲ್‌ಎಸ್ --ಡೆಪ್ತ್ -1 --ಫಿಲ್ಟರ್ '...[ಒರಿಜಿನ್/ಮೇನ್]'`
`ಯಾರ್ನ್ ವರ್ಕ್‌ಸ್ಪೇಸಸ್ ಲಿಸ್ಟ್ --ಸಿನ್ಸ್`
`ಎನ್‌ಪಿಎಕ್ಸ್ ಎನ್‌ಎಕ್ಸ್ ಶೋ ಪ್ರಾಜೆಕ್ಟ್ಸ್ --ಅಫೆಕ್ಟೆಡ್ --ಬೇಸ್=ಒರಿಜಿನ್/ಮೇನ್`

ಇವು ನಾಲ್ಕೂ ಒಂದೇ ಪ್ರಶ್ನೆ ಕೇಳುತ್ತಿಲ್ಲ. ಲೆರ್ನಾ ಮತ್ತು ಪಿಎನ್‌ಪಿಎಂ ನೀವು ಕೊಟ್ಟ ಕಮಿಟ್‌ಗೆ ನೇರವಾಗಿ ಗಿಟ್ ಡಿಫ್ ತೆಗೆಯುತ್ತವೆ. ನೀವು ಬ್ರಾಂಚ್ ತೆಗೆದ ಮೇಲೆ ಮೇನ್ ಮುಂದೆ ಹೋಗಿದ್ದರೆ, ಇತರರು ಅಲ್ಲಿ ಮುಟ್ಟಿದ ಪ್ಯಾಕೇಜುಗಳೂ ‘ಬದಲಾದವು’ ಎಂದು ನಿಮ್ಮ ಪಟ್ಟಿಗೆ ಬರುತ್ತವೆ. ಯಾರ್ನ್ ಮತ್ತು ಎನ್‌ಎಕ್ಸ್ ಎರಡು ಬ್ರಾಂಚುಗಳು ಕವಲೊಡೆದ ಬಿಂದುವನ್ನು ತಾವೇ ಹುಡುಕಿಕೊಳ್ಳುತ್ತವೆ. ಮೊದಲ ಎರಡಕ್ಕೆ ಆ ಬಿಂದುವನ್ನು ನೀವೇ ಕೊಡಿ:

`ಬೇಸ್=$(ಗಿಟ್ ಮರ್ಜ್-ಬೇಸ್ ಒರಿಜಿನ್/ಮೇನ್ ಹೆಡ್)`
`ಎನ್‌ಪಿಎಕ್ಸ್ ಲೆರ್ನಾ ಎಲ್‌ಎಸ್ -ಎ --ಸಿನ್ಸ್ "$ಬೇಸ್"`

ಹೆಡ್ ಎಂಬುದನ್ನು ಮಾತ್ರ ದೊಡ್ಡಕ್ಷರಗಳಲ್ಲಿ ಹೊಡೆಯಿರಿ.

ಲೆರ್ನಾದ ಸಿನ್ಸ್, ಬದಲಾದವುಗಳ ಜೊತೆಗೆ ಅವನ್ನು ಬಳಸುವ ಪ್ಯಾಕೇಜುಗಳನ್ನೂ ಸೇರಿಸುತ್ತದೆ. ಯುಟಿಲ್ಸ್‌ನಲ್ಲಿ ಒಂದು ಸಾಲು ಮುಟ್ಟಿದರೆ ಯುಟಿಲ್ಸ್, ಯುಐ, ವೆಬ್ ಮೂರೂ ಬರುತ್ತವೆ. ಟೆಸ್ಟ್ ಓಡಿಸಲು ಬೇಕಾದದ್ದು ಹೀಗೆಯೇ. ಫಾರ್ಮ್ಯಾಟ್ ಪರೀಕ್ಷೆಯಂಥ ಕೆಲಸಕ್ಕೆ `--ಎಕ್ಸ್‌ಕ್ಲೂಡ್-ಡಿಪೆಂಡೆಂಟ್ಸ್` ಸೇರಿಸಿದರೆ ಸಮಯ ಉಳಿಯುತ್ತದೆ. ಪಿಎನ್‌ಪಿಎಂನಲ್ಲಿ ಈ ವ್ಯತ್ಯಾಸ ಇರುವುದು ಮುಂದಿನ ಮೂರು ಚುಕ್ಕೆಗಳಲ್ಲಿ. ಇನ್ನೊಂದು: ಲೆರ್ನಾಗೆ ಗಿಟ್ ಆ್ಯಡ್ ಮಾಡದ ಹೊಚ್ಚಹೊಸ ಫೈಲುಗಳು ಕಾಣುವುದಿಲ್ಲ.

ಸಿಐನಲ್ಲಿ ಸಿನ್ಸ್ ಕೆಟ್ಟರೆ ಹತ್ತರಲ್ಲಿ ಒಂಬತ್ತು ಬಾರಿ ಕಾರಣ ಶಾಲೋ ಕ್ಲೋನ್, ಅಂದರೆ ಹಳೆಯ ಇತಿಹಾಸವಿಲ್ಲದ ನಕಲು. ಗಿಟ್‌ಹಬ್ ಆ್ಯಕ್ಷನ್ಸ್‌ನ ಚೆಕ್‌ಔಟ್ ಡೀಫಾಲ್ಟ್ ಆಗಿ ಒಂದೇ ಒಂದು ಕಮಿಟ್ ತರುತ್ತದೆ. ಹೋಲಿಸಲು ಹಳೆಯ ಕಮಿಟ್ ಇಲ್ಲ, ಟ್ಯಾಗ್ ಇಲ್ಲ, ಮರ್ಜ್-ಬೇಸ್ ಇಲ್ಲ. `ಫೆಚ್-ಡೆಪ್ತ್: 0` ಎಂದು ಕೊಟ್ಟರೆ ಪೂರ್ತಿ ಇತಿಹಾಸ ಬರುತ್ತದೆ.

`ಲೆರ್ನಾ ಚೇಂಜ್ಡ್` ಎಂಬ ಕಮಾಂಡನ್ನು ಇದರೊಂದಿಗೆ ಬೆರೆಸಬೇಡಿ. ಅದು ಹೇಳುವುದು ಮುಂದಿನ ರಿಲೀಸ್‌ನಲ್ಲಿ ಯಾವುವು ಹೋಗುತ್ತವೆ ಎಂದು; ಅದಕ್ಕೆ ಸಿನ್ಸ್ ಕೊಡಲಾಗದು. ಬದಲಾದದ್ದು ಏನೂ ಇಲ್ಲದಿದ್ದರೆ 1 ಎಂಬ ಎಕ್ಸಿಟ್ ಕೋಡ್ ಕೊಡುತ್ತದೆ. ಎರರ್ ಬಂದರೆ ನಿಲ್ಲುವಂತೆ ಬರೆದ ಶೆಲ್ ಸ್ಕ್ರಿಪ್ಟ್ ಅಲ್ಲೇ ಕುಸಿಯುತ್ತದೆ.

ಬದಲಾದದ್ದು ಏನೂ ಇಲ್ಲದ ದಿನಕ್ಕೆ ಇನ್ನೊಂದು ಎಚ್ಚರಿಕೆ. ಪಟ್ಟಿಯನ್ನು ಎಕ್ಸ್ಆರ್ಗ್ಸ್‌ಗೆ (ಬಂದ ಸಾಲುಗಳನ್ನು ಬೇರೊಂದು ಕಮಾಂಡಿಗೆ ಒದಗಿಸುವ ಟೂಲ್) ಪೈಪ್ ಮಾಡಿದಾಗ ಪಟ್ಟಿ ಖಾಲಿಯಿದ್ದರೂ ಲಿನಕ್ಸ್‌ನ ಗ್ನೂ ಎಕ್ಸ್ಆರ್ಗ್ಸ್ ಕಮಾಂಡನ್ನು ಒಮ್ಮೆ ಓಡಿಸಿಯೇ ತೀರುತ್ತದೆ. `ಎಕ್ಸ್ಆರ್ಗ್ಸ್ ಡಿಯು -ಎಸ್‌ಎಚ್` ಆದರೆ ಪ್ಯಾಕೇಜುಗಳ ಗಾತ್ರದ ಬದಲು ಇಡೀ ರೆಪೊದ ಗಾತ್ರ ಬರುತ್ತದೆ, ಹೋಗಲಿ ಬಿಡಿ. ಅಳಿಸುವ, ಪಬ್ಲಿಷ್ ಮಾಡುವ ಕಮಾಂಡಾದರೆ ಹೋಗಲಿ ಬಿಡಿ ಎನ್ನುವಂತಿಲ್ಲ. `ಎಕ್ಸ್ಆರ್ಗ್ಸ್ -ಆರ್` ಎಂದೇ ಬರೆಯಿರಿ.

ಪ್ಯಾಕೇಜ್ ಪಟ್ಟಿಯಲ್ಲೇ ಇಲ್ಲ, ಯಾಕೆ?

ಮೊದಲು ಗ್ಲಾಬ್ ನೋಡಿ. `ಪ್ಯಾಕೇಜಸ್/*` ಒಂದೇ ಹಂತ ಇಳಿಯುತ್ತದೆ. `ಪ್ಯಾಕೇಜಸ್/ಯುಐ/ಬಟನ್` ಅದಕ್ಕೆ ಸಿಕ್ಕದು. `ಪ್ಯಾಕೇಜಸ್/ಯುಐ/*` ಎಂಬ ಸಾಲನ್ನು ಬೇರೆ ಸೇರಿಸಿ. ಎರಡು ನಕ್ಷತ್ರ ಹಾಕಿ ಎಲ್ಲ ಹಂತಕ್ಕೂ ಇಳಿಯುವುದು ಸುಲಭ ಅನಿಸುತ್ತದೆ, ಆದರೆ ಟೆಸ್ಟಿಗಾಗಿ ಇಟ್ಟ ನಕಲಿ ಪ್ಯಾಕೇಜುಗಳೂ ಒಳಗೆ ಬಂದುಬಿಡುತ್ತವೆ.

ಗ್ಲಾಬ್ ಸರಿಯಿದ್ದರೆ, ಸಂರಚನೆ ಎಲ್ಲಿಂದ ಓದಲಾಗುತ್ತಿದೆ ನೋಡಿ. ಎನ್‌ಪಿಎಂ ಮತ್ತು ಯಾರ್ನ್ ರೂಟ್ ಪ್ಯಾಕೇಜ್.ಜೇಸನ್‌ನ ‘ವರ್ಕ್‌ಸ್ಪೇಸಸ್’ ಫೀಲ್ಡ್ ಓದುತ್ತವೆ. ಪಿಎನ್‌ಪಿಎಂ ಅದನ್ನು ನೋಡುವುದೇ ಇಲ್ಲ, ಅದಕ್ಕೆ ಬೇಕಾದದ್ದು ಪಿಎನ್‌ಪಿಎಂ-ವರ್ಕ್‌ಸ್ಪೇಸ್.ವೈಎಎಂಎಲ್. ಲೆರ್ನಾ.ಜೇಸನ್‌ನಲ್ಲಿ ‘ಪ್ಯಾಕೇಜಸ್’ ಇದ್ದರೆ ಲೆರ್ನಾ ಅದನ್ನೇ ನಂಬುತ್ತದೆ. ವರ್ಕ್‌ಸ್ಪೇಸಸ್‌ಗೆ ಸೇರಿಸಿ ಇಲ್ಲಿ ಮರೆತರೆ ಎನ್‌ಪಿಎಂಗೆ ಕಾಣುವ ಪ್ಯಾಕೇಜ್ ಲೆರ್ನಾಗೆ ಕಾಣದು. ಬೇಕೆಂದೇ ಚಿಕ್ಕ ಪಟ್ಟಿ ಇಟ್ಟಿರದಿದ್ದರೆ ಆ ಫೀಲ್ಡನ್ನು ಅಳಿಸಿಬಿಡುವುದು ವಾಸಿ. ಪಿಎನ್‌ಪಿಎಂ ಜೊತೆ ಲೆರ್ನಾ ಬಳಸುವಾಗ ಲೆರ್ನಾ.ಜೇಸನ್‌ನಲ್ಲಿ ‘ಎನ್‌ಪಿಎಂಕ್ಲೈಂಟ್’ ಪಿಎನ್‌ಪಿಎಂ ಎಂದಿರಬೇಕು.

ಫೋಲ್ಡರಿನಲ್ಲಿ ಪ್ಯಾಕೇಜ್.ಜೇಸನ್ ಇಲ್ಲದಿದ್ದರೆ ಟೂಲ್‌ಗಳು ಸದ್ದಿಲ್ಲದೆ ಮುಂದೆ ಹೋಗುತ್ತವೆ. ಫೋಲ್ಡರನ್ನು ನಕಲಿಸಿ ಹೊಸ ಪ್ಯಾಕೇಜ್ ಮಾಡಿ ಹೆಸರು ಬದಲಿಸಲು ಮರೆತರೆ ಮಾತ್ರ ಗಲಾಟೆ ಮಾಡುತ್ತವೆ: ಎನ್‌ಪಿಎಂ ಒಂದೇ ಹೆಸರಿನ ಎರಡು ವರ್ಕ್‌ಸ್ಪೇಸ್ ಇರಬಾರದು ಎನ್ನುತ್ತದೆ, ಲೆರ್ನಾ ‘ಇನೇಮ್’ ಎಂಬ ಎರರ್‌ನೊಂದಿಗೆ ನಿಲ್ಲುತ್ತದೆ.

ಡಿಸ್ಕಿಗೂ ಘೋಷಣೆಗೂ ತಾಳೆ ನೋಡುವುದು

ಸದ್ದಿಲ್ಲದೆ ಬಿಟ್ಟುಹೋಗುವುವನ್ನು ಹಿಡಿಯಲು ಎರಡು ಪಟ್ಟಿ ತೆಗೆದು ಹೋಲಿಸಬೇಕು. ಎನ್‌ಪಿಎಂ ರೆಪೊಗೆ:

`ಎಕ್ಸ್‌ಪೋರ್ಟ್ ಎಲ್‌ಸಿ_ಆಲ್=ಸಿ`
`ಗಿಟ್ ಎಲ್‌ಎಸ್-ಫೈಲ್ಸ್ '*/ಪ್ಯಾಕೇಜ್.ಜೇಸನ್' ':!*/ಫಿಕ್ಸ್‌ಚರ್ಸ್/*' | ಎಕ್ಸ್ಆರ್ಗ್ಸ್ -ಎನ್1 ಡರ್‌ನೇಮ್ | ಸಾರ್ಟ್ > /ಟಿಎಂಪಿ/ಡಿಸ್ಕ್`
`ಎನ್‌ಪಿಎಂ ಕ್ವೆರಿ '.ವರ್ಕ್‌ಸ್ಪೇಸ್' | ಜೆಕ್ಯೂ -ಆರ್ '.[].ಲೊಕೇಷನ್' | ಸಾರ್ಟ್ > /ಟಿಎಂಪಿ/ಘೋಷಿತ`
`ಕಾಮ್ -23 /ಟಿಎಂಪಿ/ಡಿಸ್ಕ್ /ಟಿಎಂಪಿ/ಘೋಷಿತ`

ಎಕ್ಸ್‌ಪೋರ್ಟ್ ಸಾಲಿನ ಎಲ್‌ಸಿ_ಆಲ್ ಮತ್ತು ಅದರ ಬೆಲೆ ಸಿ, ಎರಡೂ ದೊಡ್ಡಕ್ಷರ. ಅದನ್ನು ಬಿಟ್ಟರೆ ಯಂತ್ರದಿಂದ ಯಂತ್ರಕ್ಕೆ ಸಾರ್ಟ್ ಕ್ರಮ ಬದಲಾಗಬಹುದು, ಎರಡು ಫೈಲುಗಳ ಕ್ರಮ ಒಂದೇ ಇಲ್ಲದಿದ್ದರೆ ಅವನ್ನು ಸಾಲು ಸಾಲಾಗಿ ಹೋಲಿಸುವ ಕಾಮ್ (ಸಿ, ಒ, ಎಂ, ಎಂ) ಕೊಡುವ ಉತ್ತರಕ್ಕೆ ಅರ್ಥವಿಲ್ಲ. ಫೈಂಡ್ ಬದಲು ಗಿಟ್ ಬಳಸಿದ್ದರಿಂದ ನೋಡ್_ಮಾಡ್ಯೂಲ್ಸ್ ಒಳಗಿನ ಸಾವಿರಾರು ಪ್ಯಾಕೇಜ್.ಜೇಸನ್‌ಗಳು ತಾವಾಗಿಯೇ ಹೊರಗುಳಿಯುತ್ತವೆ.

ಕೊನೆಯ ಸಾಲು ತೋರಿಸುವುದು ಡಿಸ್ಕಿನಲ್ಲಿದ್ದೂ ವರ್ಕ್‌ಸ್ಪೇಸ್ ಆಗದವು. -23 ಬದಲು -13 ಎಂದರೆ ಘೋಷಣೆಯಲ್ಲಿದ್ದೂ ಗಿಟ್‌ಗೆ ಸೇರದವು. ಗಿಟ್ ಆ್ಯಡ್ ಮರೆತ ಹೊಸ ಪ್ಯಾಕೇಜ್ ಇಲ್ಲಿ ಸಿಕ್ಕಿಬೀಳುತ್ತದೆ. ಹೊಸ ಯಾರ್ನ್‌ಗೆ ಮೂರನೆಯ ಸಾಲಿನಲ್ಲಿ ಅದರ ಲಿಸ್ಟ್ ಕಮಾಂಡ್ ಹಾಕಿ, ರೂಟ್‌ನ ಚುಕ್ಕೆಯನ್ನು ಬಿಡಿ. ಲೆರ್ನಾದ ಲೊಕೇಷನ್ ಮತ್ತು ಪಿಎನ್‌ಪಿಎಂನ ‘ಪಾತ್’ ಎರಡೂ ಪೂರ್ಣ ಪಾತ್‌ಗಳಾದ್ದರಿಂದ, ಸಾರ್ಟ್‌ಗೆ ಮೊದಲು `ಸೆಡ್ "ಎಸ್|^$(ಪಿಡಬ್ಲ್ಯೂಡಿ -ಪಿ)/||"` ಎಂದು ರೂಟ್‌ನ ಭಾಗವನ್ನು ಕತ್ತರಿಸಬೇಕು. ಇದರಲ್ಲಿ -ಪಿಯ ಪಿ ಮಾತ್ರ ದೊಡ್ಡಕ್ಷರ.

ಮೊದಲ ಬಾರಿ ಓಡಿಸಿದಾಗ ಬರುವ ಸಾಲುಗಳೆಲ್ಲ ತಪ್ಪುಗಳಲ್ಲ. ಹೊಸ ಪ್ರಾಜೆಕ್ಟ್ ಹುಟ್ಟಿಸುವ ಟೆಂಪ್ಲೇಟ್‌ಗಳು, ‘ಟೈಪ್: ಮಾಡ್ಯೂಲ್’ ಎಂಬ ಒಂದೇ ಸಾಲಿಗಾಗಿ ಇಟ್ಟ ಪುಟ್ಟ ಪ್ಯಾಕೇಜ್.ಜೇಸನ್‌ಗಳು, ಡಾಕ್ಯುಮೆಂಟೇಷನ್ ಸೈಟು – ಇವು ವರ್ಕ್‌ಸ್ಪೇಸ್ ಆಗಬೇಕಿಲ್ಲ. ಅಂಥವನ್ನು ಒಂದೊಂದಾಗಿ ನೋಡಿ, ಫಿಕ್ಸ್‌ಚರ್ಸ್‌ಗೆ ಮಾಡಿದಂತೆ ಆಶ್ಚರ್ಯಸೂಚಕದ ಮಾದರಿಯಿಂದ ಹೊರಗಿಡಿ. ಔಟ್‌ಪುಟ್ ಖಾಲಿಯಾದ ಮೇಲೆ ಇದೇ ನಾಲ್ಕು ಸಾಲನ್ನು ಸಿಐಗೆ ಸೇರಿಸಿ, ಕಾಮ್ ಏನಾದರೂ ಮುದ್ರಿಸಿದರೆ ಬಿಲ್ಡ್ ಫೇಲ್ ಆಗುವಂತೆ ಮಾಡಿ. ಕಾಮ್ ವ್ಯತ್ಯಾಸ ಕಂಡಾಗಲೂ 0 ಎಂಬ ಎಕ್ಸಿಟ್ ಕೋಡನ್ನೇ ಕೊಡುವುದರಿಂದ, ಔಟ್‌ಪುಟ್ ಖಾಲಿಯೇ ಎಂದು `ಟೆಸ್ಟ್ -ಜೆಡ್ "$(ಕಾಮ್ -23 /ಟಿಎಂಪಿ/ಡಿಸ್ಕ್ /ಟಿಎಂಪಿ/ಘೋಷಿತ)"` ಮೂಲಕ ನೀವೇ ಪರೀಕ್ಷಿಸಬೇಕು.